ಹಳೆಯ ಮೋಟಾರಿನ ಕಮಾನೂ ಬ್ರೇಕೂ

ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಶೀಳನೆರೆಯ ಕಡೆ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿದ ಹಿರಿಯರನ್ನು ಕೇಳಿದರೆ, ಏರಿಗಿಂತ ಇಳಿಜಾರೇ ಭಯವೆಂದು ಹೇಳುವರು. ಏರಿನಲ್ಲಿ ಎತ್ತು ಸೋತರೆ ಗಾಡಿ ನಿಲ್ಲುವುದು, ಅಷ್ಟೆ. ಇಳಿಜಾರಿನಲ್ಲಾದರೋ ಹೇರಿನ ಭಾರವೆಲ್ಲ ನೊಗದ ಮೂಲಕ ಬಂದು ಎತ್ತುಗಳ ಕತ್ತಿನ ಮೇಲೆ ಒತ್ತುವುದು. ಬ್ರೇಕಿಲ್ಲದ ಗಾಡಿಗೆ ಆ ಕತ್ತುಗಳೇ ಬ್ರೇಕು. ಮೋಟಾರು ಬಂದ ಮೇಲೂ ಈ ನ್ಯಾಯ ಬದಲಾಗಲಿಲ್ಲವೆಂಬುದನ್ನು ನಾನು ಸ್ವಲ್ಪ ತಡವಾಗಿ ಕಲಿತೆನು.

ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಅಂಬಾಸಿಡರ್ ಕಾರು ಉಂಟು. ಬಹುದಿನ ಕೊಟ್ಟಿಗೆಯಲ್ಲಿ ನಿಂತಿದ್ದ ಅದಕ್ಕೆ ಎಂಜಿನ್ ಬೋರು ಮಾಡಿಸಿದೆನು, ಹೊಸ ಬಣ್ಣ ಹೊಡೆಸಿದೆನು, ಸೀಟುಗಳಿಗೆ ಹೊಸ ಬಟ್ಟೆ ಹಾಕಿಸಿದೆನು. ಬ್ರೇಕನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೆಡಲು ಒತ್ತಿದರೆ ನಿಲ್ಲುತ್ತದೆಯಲ್ಲ ಎಂದು ನಾನೂ ಸುಮ್ಮನಿದ್ದೆನು. ತಾಯಿಯವರನ್ನೂ ಮನೆಯಾಕೆಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮೇಲುಕೋಟೆಗೆ ಹೋಗಿ, ದೇವರ ದರ್ಶನ ಮುಗಿಸಿ ಬೆಟ್ಟ ಇಳಿಯುತ್ತಿದ್ದಾಗ, ಮೂರನೆಯ ತಿರುವಿನಲ್ಲಿ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಯಿತು. ನಾಲ್ಕಾರು ಬಾರಿ ತುಳಿದೆನು. ಗಾಡಿಯ ವೇಗ ತಗ್ಗಲಿಲ್ಲ. ಎರಡನೆಯ ಗೇರಿಗೆ ಎಳೆದು, ಕೈಬ್ರೇಕನ್ನು ಹಿಡಿದು, ದಾರಿಯ ಬದಿಯ ಮಣ್ಣಿನ ದಿಬ್ಬಕ್ಕೆ ಒರೆಸಿ ನಿಲ್ಲಿಸಿದ್ದಾಯಿತು. ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಪೆಡಲು ಏನೂ ಆಗದಂತೆ ಮತ್ತೆ ಗಟ್ಟಿಯಾಯಿತು! ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ಕಾರಣವನ್ನು ತಿಳಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ.

ಬ್ರೇಕಿನ ಕೆಲಸವೆಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವುದು. ವೇಗ ಎರಡರಷ್ಟಾದರೆ ಈ ಶಾಖ ನಾಲ್ಕರಷ್ಟಾಗುವುದು. ಜನರೂ ಸೇರಿ 1500 ಕಿಲೋ ತೂಗುವ ಕಾರನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖವು ಒಂದು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅದೇ ಕಾರು 100 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ನಾಲ್ಕೂವರೆ ಲೀಟರಿಗೂ ಹೆಚ್ಚು ನೀರು ಕುದಿಯುವಷ್ಟು ಶಾಖವಾಗುವುದು. ಇದೆಲ್ಲವನ್ನೂ ನಾಲ್ಕು ಡ್ರಮ್ಮುಗಳು ನುಂಗಿ ಗಾಳಿಗೆ ಬಿಡಬೇಕು. ಡ್ರಮ್ಮೋ ಮುಚ್ಚಿದ ಡಬರಿಯಂತಿರುವುದು. ಒಳಗಿನ ಶಾಖ ಬೇಗ ಹೊರಬೀಳದು.

ಇನ್ನು ಬ್ರೇಕ್ ಆಯಿಲಿನ ಗುಣವನ್ನು ನೋಡೋಣ. ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ; ಉಪ್ಪಿನಂತೆ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು 205 ಡಿಗ್ರಿಗಿಂತ ಕೆಳಗೆ ಕುದಿಯಕೂಡದೆಂದು ನಿಯಮ. ತೇವ ಹೀರಿದ ಮೇಲೆ ಈ ಮಟ್ಟ 140ಕ್ಕೆ ಇಳಿಯುವುದು. ಡಾಟ್ 4ರಲ್ಲಿ ಇವು 230 ಮತ್ತು 155. ಕುದಿದಾಗ ಕೊಳವೆಯೊಳಗೆ ಆವಿಯ ಗುಳ್ಳೆಗಳಾಗುವುವು. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುವುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುವುದು. ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುವುದು. ನಮ್ಮ ಗಾಡಿಯಲ್ಲಿದ್ದ ದ್ರವ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಎರಡು ವರುಷಕ್ಕೊಮ್ಮೆ ಇದನ್ನು ಪೂರ್ತಿಯಾಗಿ ಬದಲಿಸತಕ್ಕದ್ದು. ಕಡಿಮೆಯಾಯಿತೆಂದು ಎಂಜಿನ್ ಆಯಿಲನ್ನು ಸುರಿಯುವವರೂ ಇದ್ದಾರೆ. ಅದರಿಂದ ರಬ್ಬರು ಉಬ್ಬಿ ಬ್ರೇಕೇ ಕೆಡುವುದು.

ಎಂಜಿನ್ನಿಗೆ ಹಣ ಸುರಿದು ಬ್ರೇಕನ್ನು ಮರೆಯುವ ಚಾಳಿ ನಮ್ಮೊಬ್ಬರದಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ಸಾಧಾರಣ ಕಾರಿಗೆ ದೈತ್ಯ ಎಂಜಿನ್ನನ್ನು ಕೂಡಿಸಿದ ‘ಮಸಲ್ ಕಾರು’ಗಳೆಂಬ ಜಾತಿಯೇ ಹುಟ್ಟಿತು. ಅವುಗಳಲ್ಲಿ ಪ್ರಸಿದ್ಧವಾದ 1964ರ ಪಾಂಟಿಯಾಕ್ ಜಿ.ಟಿ.ಓ. ನಾಲ್ಕು ಗಾಲಿಗೂ ಡ್ರಮ್ ಬ್ರೇಕನ್ನೇ ಹೊತ್ತು ಬಂದಿತು. ಡಿಸ್ಕ್ ಬ್ರೇಕು ಆಗ ಅರಿಯದ ವಿದ್ಯೆಯಾಗಿರಲಿಲ್ಲ. 1953ರಲ್ಲಿಯೇ ಜಾಗ್ವಾರ್ ಕಾರುಗಳು ಡಿಸ್ಕಿನ ಬಲದಿಂದ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಗೆದ್ದಿದ್ದುವು. ಇಂದು ಆ ಹಳೆಯ ಅಮೆರಿಕನ್ ಕಾರುಗಳನ್ನು ಸಾಕುವವರು ಬಲಪಡಿಸಲು ಮೊದಲು ಕೈಯಿಕ್ಕುವುದು ಬ್ರೇಕಿಗೂ ಸ್ಪ್ರಿಂಗಿಗೂ. ನಮ್ಮ ಅಂಬಾಸಿಡರಿಗೂ 1990ರ ದಶಕದಲ್ಲಿ 1817 ಸಿ.ಸಿ.ಯ ಇಸುಜು ಎಂಜಿನ್ ಬಂದು ಓಟ ಹೆಚ್ಚಿತು. 2014ರಲ್ಲಿ ತಯಾರಿಕೆ ನಿಲ್ಲುವುದರೊಳಗೆ ಕೆಲವು ಮಾದರಿಗಳಿಗೆ ಮುಂದಿನ ಗಾಲಿಯ ಡಿಸ್ಕು ಕಾರ್ಖಾನೆಯಿಂದಲೇ ಬಂದಿತು.

ಹಾಗೆಂದು ಡಿಸ್ಕನ್ನು ಕೊಂಡು ತಂದು ಬಿಗಿದರೆ ಸಾಲದು. ಡ್ರಮ್ಮಿನೊಳಗಿನ ಮುಂದಣ ಷೂ ಗಾಲಿ ತಿರುಗುವ ರಭಸದಿಂದ ತನ್ನನ್ನು ತಾನೇ ಒತ್ತಿಕೊಳ್ಳುವುದು. ಡಿಸ್ಕಿಗೆ ಈ ಸಹಾಯವಿಲ್ಲ. ಆದುದರಿಂದ ಪೆಡಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಬೇಕಾಗುವುದು. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರು ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುವಂತಿರುವುದುಂಟು. ಅದನ್ನೇ ಡಿಸ್ಕಿಗೆ ಕೂಡಿಸಿದರೆ ಪ್ಯಾಡು ಸದಾ ಉಜ್ಜುತ್ತ ಕಾಯುವುದು. ಮುಂದೆ ಹಿಂದೆ ಹದವೂ ಬೇಕು. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ, ಹಿಂದಿನ ಬ್ರೇಕು ಅತಿಯಾದರೆ ಗಾಲಿ ಕಚ್ಚಿಕೊಂಡು ಗಾಡಿ ಬುಗುರಿಯಂತೆ ತಿರುಗುವುದು. ಆ ಕೊನೆಯ ಮಾದರಿಗಳ ಭಾಗಗಳನ್ನು ಹುಡುಕಿ ತರುವುದು ಬೇರೆ ಜಾತಿಯ ಕಾರಿನದನ್ನು ಬೆಸೆದು ಕೂಡಿಸುವುದಕ್ಕಿಂತ ಮೇಲು. ನಾನಂತೂ ಡಿಸ್ಕಿನ ಗೋಜಿಗೆ ಹೋಗದೆ, ಡ್ರಮ್ಮುಗಳನ್ನು ಲೇತಿನಲ್ಲಿ ಸಮ ಮಾಡಿಸಿ, ಲೈನರು, ರಬ್ಬರು, ಕೊಳವೆಗಳನ್ನು ಹೊಸದಾಗಿ ಹಾಕಿಸಿದೆನು. ಒಂದು ಮಾರ್ಪಾಡನ್ನು ಮಾತ್ರ ಬಿಡಲಿಲ್ಲ. ನಮ್ಮ ಗಾಡಿಯಲ್ಲಿ ನಾಲ್ಕು ಗಾಲಿಗೂ ಒಂದೇ ದ್ರವದ ದಾರಿ. ಎಲ್ಲಿ ಸೋರಿದರೂ ನಾಲ್ಕೂ ಹೋದುವು. ಎರಡು ದಾರಿಯ ಮಾಸ್ಟರ್ ಸಿಲಿಂಡರನ್ನು ಕೂಡಿಸಿದುದರಿಂದ ಈಗ ಒಂದು ಕೆಟ್ಟರೆ ಇನ್ನೊಂದು ಉಳಿಯುವುದು.

ಬ್ರೇಕು ಹಿಡಿಯುವುದು ಗಾಲಿಯನ್ನು. ನೆಲವನ್ನು ಹಿಡಿಯುವುದು ಟೈರು. ಆ ಟೈರನ್ನು ನೆಲಕ್ಕೆ ಒತ್ತಿಡುವುದು ಕಮಾನು ಮತ್ತು ಗ್ಯಾರೇಜಿನವರು ‘ಜಂಪರ್’ ಎನ್ನುವ ಶಾಕ್ ಅಬ್ಸಾರ್ಬರು. ಗಾಲಿ ಗಾಳಿಯಲ್ಲಿ ನೆಗೆಯುತ್ತಿರುವಾಗ ಬ್ರೇಕು ಎಷ್ಟು ಬಲವಾಗಿದ್ದರೇನು? ಅಂಬಾಸಿಡರಿಗೆ ಮುಂದೆ ತಿರುಚಿ ಬಲ ಕೊಡುವ ಉಕ್ಕಿನ ಸರಳುಗಳು, ಹಿಂದೆ ಕಮಾನುಪಟ್ಟೆಗಳು. ನಮ್ಮ ಕಡೆ ಮೂಟೆ ಹೇರುವ ಆಸೆಯಿಂದ ಹಿಂದೆ ಒಂದು ಪಟ್ಟೆಯನ್ನು ಹೆಚ್ಚಿಗೆ ಸೇರಿಸುವುದುಂಟು. ಆಗ ಬರಿಗಾಡಿಯ ಹಿಂಭಾಗ ಪ್ರತಿ ಹಳ್ಳಕ್ಕೂ ಚಿಮ್ಮಿ, ತಿರುವಿನಲ್ಲಿ ಹಿಡಿತ ತಪ್ಪುವುದು. ಪಟ್ಟೆಗೆ ಬೇಕಾದುದು ಹೊಸ ಬುಷ್ಷು ಮತ್ತು ಸರಿಯಾದ ಬಾಗು, ಗಡಸುತನವಲ್ಲ. ಜಂಪರನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು: ಗಾಡಿಯ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿರಿ. ಒಮ್ಮೆ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗಿದರೆ ಅದರ ಆಯುಷ್ಯ ತೀರಿತು. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಕಾಯಿದೆಯ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. 2021ರ ನಿಯಮಗಳ ಪ್ರಕಾರ 50 ವರುಷ ಮೀರಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೆ ಚಾಸಿ, ಮೈ, ಎಂಜಿನ್ನುಗಳು ಮೂಲರೂಪದಲ್ಲಿಯೇ ಇರಬೇಕು. ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ‘ಪಯಣ’ ಸಂಗ್ರಹಾಲಯದಲ್ಲಿರುವಂಥ ಹಳೆಯ ಕಾರುಗಳಿಗೆ ಮೂಲರೂಪವೇ ಭೂಷಣ. ಸಂಸಾರವನ್ನು ಹೊತ್ತು ಓಡುವ ಗಾಡಿಯ ಯಜಮಾನನು ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು.

ಹೊಸ ಲೈನರು ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಬರಿದಾದ ದಾರಿಯಲ್ಲಿ ಒಬ್ಬನೇ ಹೋಗಿ, ಮೆಲ್ಲನೆಯ ವೇಗದಿಂದ ಹಲವು ಬಾರಿ, ನಡುನಡುವೆ ಆರಗೊಡುತ್ತ, ಹದವಾಗಿ ನಿಲ್ಲಿಸಿದೆನು. ಗಾಡಿ ಒಂದು ಕಡೆಗೆ ಎಳೆಯುವುದೇ, ಒಂದು ಗಾಲಿ ಮಾತ್ರ ಮಿಕ್ಕವಕ್ಕಿಂತ ಬಿಸಿಯಾಗಿದೆಯೇ ಎಂದು ನೋಡಿದೆನು. ಎಡಗಡೆಯ ಮುಂದಿನ ಗಾಲಿ ಕಾಯುತ್ತಿತ್ತು. ಷೂವನ್ನು ಕೊಂಚ ಸಡಿಲಿಸಿದ ಮೇಲೆ ಸರಿಹೋಯಿತು. ಒಂದು ತಿಂಗಳ ತರುವಾಯ ಎಲ್ಲರೂ ಮತ್ತೆ ಮೇಲುಕೋಟೆಗೆ ಹೋದೆವು. ಇಳಿಯುವಾಗ ಬೆಟ್ಟದ ನೆತ್ತಿಯಿಂದಲೇ ಎರಡನೆಯ ಗೇರಿನಲ್ಲಿಟ್ಟು, ಬ್ರೇಕನ್ನು ಬೇಕಾದಾಗ ಒತ್ತಿ ಬಿಡುತ್ತ ಬಂದೆನು. ಪೆಡಲು ಕಲ್ಲಿನಂತಿತ್ತು, ಸುಟ್ಟ ವಾಸನೆಯ ಸುಳಿವೂ ಇರಲಿಲ್ಲ. ತಾಯಿಯವರು ಮಾತ್ರ ಇಳಿಜಾರು ಮುಗಿಯುವ ತನಕ ಮುಂದಿನ ಸೀಟಿನ ಬೆನ್ನನ್ನು ಬಿಡಲಿಲ್ಲ.