ಜಂಟಿ ವರಸೆಯ ಎರಡನೇ ಸ್ವರ

ಸಂಗೀತ ಕಲಿಯಲು ಬಂದ ಮಕ್ಕಳಿಗೆ ಸರಳೆ, ಜಂಟಿ ವರಸೆಗಳೆಂದರೆ ಬೇಗ ಮುಗಿಸಿ ಗೀತೆಗೆ ಹೋಗಬೇಕಾದ ಪಾಠ. ವರ್ಷಗಟ್ಟಲೆ ಹಾಡಿದವರೋ ಬೆಳಗಿನ ಸಾಧಕಕ್ಕೆ ಮತ್ತೆ ಅದನ್ನೇ ಹಿಡಿಯುತ್ತಾರೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬಿರುವ ಈ ಕ್ರಮದ ಜಾಣ್ಮೆ ಹಾಡಿದಷ್ಟೂ ಬಿಚ್ಚಿಕೊಳ್ಳುತ್ತದೆ.

ಈ ವರಸೆಗಳನ್ನು ಕಲಿಸುವ ಮಾಯಾಮಾಳವಗೌಳ ರಾಗವನ್ನೇ ನೋಡಿ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಇವೆ. ಕೆಳಗಿನ ಅರ್ಧ ಕಿವಿಗೆ ಹತ್ತಿದರೆ ಮೇಲಿನ ಅರ್ಧಕ್ಕೆ ದಾರಿ ಸಿಕ್ಕಂತೆ. ಶುದ್ಧ ರಿಷಭ ಷಡ್ಜದ ಮಗ್ಗುಲಲ್ಲೇ ಇರುವುದರಿಂದ ಕೊಂಚ ಜಾರಿದರೂ ತಂಬೂರಿ ತೋರಿಸಿಕೊಡುತ್ತದೆ. ಶ್ರುತಿಯಿಲ್ಲದೆ ಮಾಡಿದ ಸಾಧಕವನ್ನು ನಾನಂತೂ ಸಾಧಕವೆನ್ನಲಾರೆ.

ಆದಿತಾಳದ ಮೊದಲನೇ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲ ಸರಳೆಯ ಆರೋಹಣ, ಅವರೋಹಣ ಸೇರಿ 16 ಸ್ವರ. ಮೊದಲ ಕಾಲದಲ್ಲಿ ಎರಡು ಆವರ್ತ ಹಿಡಿಯುವ ಇದು ಮೂರನೇ ಕಾಲದಲ್ಲಿ ಅರ್ಧ ಆವರ್ತಕ್ಕೇ ಮುಗಿಯುತ್ತದೆ. ಎರಡು ಸಲ ಹಾಡಿದರೇ ಸಮಕ್ಕೆ ಬರುವುದು. ಸ್ವರ ಓಡಲಿ, ತಾಳದ ಕೈ ಮಾತ್ರ ಓಡಬಾರದು.

ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಜಂಟಿ ವರಸೆ. ಸಸ ರಿರಿ ಗಗ ಮಮ ಎನ್ನುವಾಗ ಪ್ರತಿ ಜೋಡಿಯ ಎರಡನೇ ಸ್ವರಕ್ಕೆ ಒತ್ತು ಬೀಳಬೇಕು. ಹೆಸರು ಹೇಳಿ ಹಾಡಿದರೆ ರಿ, ಗ ಎಂಬ ವ್ಯಂಜನಗಳೇ ಜೋಡಿಯನ್ನು ಬಿಡಿಸಿಕೊಡುತ್ತವೆ. ಅದನ್ನೇ ಅಕಾರದಲ್ಲಿ ಹಾಡಿ, ಆ ಆಸರೆ ತಪ್ಪಿಹೋಗುತ್ತದೆ. ಉಸಿರು ಕಡಿಯದೆ, ಅದೇ ಸ್ಥಾನದಲ್ಲಿ ನಿಂತು, ಎರಡನೆಯದನ್ನು ಗಂಟಲೇ ಎಬ್ಬಿಸಬೇಕು. ಮೊದಮೊದಲು ಎರಡೂ ಬೆರೆತು ಒಂದೇ ಉದ್ದ ಸ್ವರವಾಗುತ್ತದೆ, ಇಲ್ಲವೇ ನಡುವೆ ಹಕಾರ ನುಸುಳುತ್ತದೆ. ಅವಸರಪಡದೆ ಮೊದಲನೇ ಕಾಲದಲ್ಲೇ ದಿನಗಟ್ಟಲೆ ಕೂತವರ ದನಿಗೆ ಬರುವ ಬಿಗಿ, ಮುಂದೆ ಕಲ್ಪನಾಸ್ವರದಲ್ಲಿ ಜಂಟಿ ಪ್ರಯೋಗ ಬಂದಾಗ ಸ್ಪಷ್ಟವಾಗಿ ಕೇಳಿಸುತ್ತದೆ.

ಮನೆಯ ಸಾಧಕ ಹೆಚ್ಚಾಗಿ ಕೆಡುವುದು ತಪ್ಪಿದ ಕೂಡಲೇ ಮೊದಲಿನಿಂದ ಶುರುಮಾಡುವ ರೂಢಿಯಿಂದ. ಹಾಗಾಗಿ ವರ್ಣದ ಪಲ್ಲವಿ ಗಟ್ಟಿ, ಚರಣದ ಸ್ವರಗಳು ಯಾವಾಗಲೂ ಹಸಿ. ತಡವರಿಸಿದ ನಾಲ್ಕೈದು ಸ್ವರಗಳನ್ನಷ್ಟೇ ಬಿಡಿಸಿಕೊಂಡು ನಿಧಾನವಾಗಿ ಕೂರಿಸಬೇಕು. ಆಮೇಲೆ ಹಿಂದಿನ ಆವರ್ತದಿಂದ ಹಿಡಿದು ಅದರೊಳಕ್ಕೆ ಬರಬೇಕು, ಏಕೆಂದರೆ ಎಡವುವುದು ಬಹಳ ಸಲ ಸೇರುವ ಜಾಗದಲ್ಲೇ. ಭಾನುವಾರ ಒಂದೇ ಪಟ್ಟಿಗೆ ಮೂರು ಗಂಟೆ ಹಾಡುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು. ಗಂಟಲಿಗೂ ಅದೇ ಹಿತ. ಕೊನೆಗೆ ಒಂದು ಆವರ್ತವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡುವಾಗ ಕಿವಿ ತಪ್ಪಿಸಿಕೊಂಡ ಧೈವತ ಆಗ ಸಿಕ್ಕಿಬೀಳುತ್ತದೆ, ನಾಳೆಯ ಪಾಠ ಅಲ್ಲಿಂದಲೇ ಶುರು.