ವೈಜಯಂತಿಯೋ, ವನವಾಸಿಯೋ, ಬನವಾಸಿಯೋ?

ಹೋದ ಸಲ ಕದಂಬರ ಬಗ್ಗೆ ಮಾತಾಡುವಾಗ ಒಂದೇ ಊರನ್ನು ನಾನು ಒಮ್ಮೆ ವೈಜಯಂತಿ ಅಂದೆ, ಇನ್ನೊಮ್ಮೆ ಬನವಾಸಿ ಅಂದೆ. ಇವುಗಳಲ್ಲಿ ಯಾವುದು ನಿಜವಾದ ಹೆಸರು ಅಂತ ಹಲವರು ಕೇಳಿದ್ದೀರಿ. ವನವಾಸಿ ಅನ್ನೋದೇ ಶುದ್ಧ ರೂಪ, ಅದು ಜನರ ಬಾಯಲ್ಲಿ ಕೆಟ್ಟು ಬನವಾಸಿ ಆಯ್ತು ಅನ್ನೋ ಮಾತೂ ಬಂದಿದೆ. ಇದನ್ನು ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಊರು ಇರೋದು ಉತ್ತರ ಕನ್ನಡದ ಶಿರಸಿ ತಾಲೂಕಿನಲ್ಲಿ. ವರದಾ ನದಿ ಮೂರು ಕಡೆ ಬಳಸಿಕೊಂಡು ಹರಿಯುವ ಜಾಗ.

ಮೊದಲು ವೈಜಯಂತಿ. ಮಹಾರಾಷ್ಟ್ರದ ಲೋಣಾವಳದ ಹತ್ತಿರ ಕಾರ್ಲೆ ಗುಹೆಗಳಿವೆ. ಅಲ್ಲಿನ ದೊಡ್ಡ ಚೈತ್ಯವನ್ನು ಪೂರ್ತಿ ಮಾಡಿಸಿದವನು ಭೂತಪಾಲ ಅನ್ನೋ ಶೆಟ್ಟಿ. ತನ್ನ ಊರು 'ವೇಜಯಂತಿ' ಅಂತ ಅಲ್ಲಿ ಪ್ರಾಕೃತದಲ್ಲಿ ಬರೆಸಿದ್ದಾನೆ. ಇಡೀ ಜಂಬೂದ್ವೀಪದಲ್ಲೇ ಇದು ಶ್ರೇಷ್ಠ ಅಂತಾನೂ ಸೇರಿಸಿದ್ದಾನೆ, ಸಂಕೋಚ ಏನೂ ಇಲ್ಲ! ನಾಸಿಕದ ಗುಹೆಯಲ್ಲಿರುವ ಗೌತಮೀಪುತ್ರ ಸಾತಕರ್ಣಿಯ ಆಜ್ಞೆ ಹೊರಟಿದ್ದು ಕೂಡ ವೈಜಯಂತಿಯ ಸೇನಾ ಬೀಡಿನಿಂದ. ಈ ವೈಜಯಂತಿ ನಮ್ಮ ಬನವಾಸಿಯೇ ಅಂತ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸ್ತಾರೆ. ಮುಂದೆ ಕದಂಬರ ತಾಮ್ರಪಟಗಳಲ್ಲೂ ಅದೇ ಹೆಸರು. ವೈಜಯಂತಿ ಅಂದ್ರೆ ಗೆಲುವಿನ ಬಾವುಟ. ದಾನಪತ್ರದ ಮೇಲೆ ಒಪ್ಪುವ ಹೆಸರು ಅದು, ನೋಡಿ.

ಇನ್ನು ವನವಾಸ, ವನವಾಸಿ. ಅಶೋಕನ ಕಾಲದಲ್ಲಿ ರಕ್ಖಿತ ಅನ್ನೋ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರು ಅಂತ ಶ್ರೀಲಂಕಾದ ಮಹಾವಂಸ ಹೇಳುತ್ತೆ. ಆದರೆ ಆ ಗ್ರಂಥ ಅಶೋಕನಿಗಿಂತ ಹಲವು ಶತಮಾನ ಈಚಿನದು, ಅಶೋಕನ ಶಾಸನಗಳಲ್ಲಿ ಈ ಹೆಸರಿಲ್ಲ. ನಾಗಾರ್ಜುನಕೊಂಡದ ಶಾಸನದಲ್ಲಿ ವನವಾಸದ ಮಹಾರಾಜ ಇಕ್ಷ್ವಾಕುಗಳ ಅಳಿಯನಾಗಿ ಬರ್ತಾನೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಮುತ್ತಿದ ಈ ಊರನ್ನು ವನವಾಸಿ ಅಂತಲೇ ಕರೀತಾನೆ. ಸಂಸ್ಕೃತದಲ್ಲಿ ಬರೆದವನು ಇನ್ನೇನು ಬರೀತಾನೆ?

ನನಗೆ ತುಂಬಾ ಹಿಡಿಸಿದ ಸಾಕ್ಷಿ ಟಾಲೆಮಿಯದು. ಸುಮಾರು 150ರಲ್ಲಿ ಬರೆದ ಅವನ ಭೂಗೋಳದಲ್ಲಿ ಈ ಊರಿದೆ. ಗ್ರೀಕರಲ್ಲಿ ನಮ್ಮ 'ವ'ಕ್ಕೆ ಸರಿಯಾದ ಅಕ್ಷರ ಇರಲಿಲ್ಲ. 'ಉಅ' ಅಂತ ಸ್ವರ ಜೋಡಿಸಿ ಬರೀತಿದ್ರು. ಈ ಹೆಸರಿನ ನಡುವಿನ 'ವಾ' ಹಾಗೇ ಇದೆ. ಮೊದಲಕ್ಷರಕ್ಕೆ ಮಾತ್ರ 'ಬೀಟಾ' ಇದೆ. ಅಂದ್ರೆ 'ಬನಉಅಸಿ'. ಎರಡು ಕಡೆಯೂ 'ವ' ಕೇಳಿದ್ದರೆ ಎರಡು ಥರ ಯಾಕೆ ಬರೀತಿದ್ದ? ಅವನಿಗೆ ಸುದ್ದಿ ತಂದ ವ್ಯಾಪಾರಿಗಳ ಕಿವಿಗೆ ಬಿದ್ದದ್ದು ಬನವಾಸಿಯೇ ಇರಬೇಕು ಅಂತ ನನ್ನ ಊಹೆ. ಹಲ್ಮಿಡಿ ಶಾಸನಕ್ಕಿಂತ ಸುಮಾರು 300 ವರ್ಷ ಹಿಂದಿನ ಮಾತಿದು.

ಪದದ ಮೊದಲ 'ವ' ಕನ್ನಡದಲ್ಲಿ 'ಬ' ಆಗೋದು ಕೆಡೋದಲ್ಲ, ಭಾಷೆಯ ನಡೆ. ವನ ಬನವಾಯ್ತು, ವಿನ್ನಪ ಬಿನ್ನಪವಾಯ್ತು. 'ಬನ' ಮತ್ತು 'ಬಸಿ' ಸೇರಿ, ಕಾಡಿನಲ್ಲಿ ನೀರು ಬಸಿಯುವ ಜಾಗ ಅನ್ನೋ ಅರ್ಥವನ್ನೂ ಕೆಲವರು ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ನಡುವಿನ 'ವಾ' ಎಲ್ಲಿಂದ ಬಂತು ಅಂತ ಅದು ಹೇಳಲ್ಲ.

ಇನ್ನೊಂದು ವಿಷಯ. ಬನವಾಸಿ ಅಂದಾಗೆಲ್ಲ ಊರು ಅಂತಲೇ ಅರ್ಥ ಅಲ್ಲ. ಹತ್ತನೇ ಶತಮಾನದಲ್ಲಿ ಪಂಪ ನೆನೆದದ್ದು ಬನವಾಸಿ ದೇಶವನ್ನು, ಒಂದು ಊರನ್ನಲ್ಲ. ಶಾಸನಗಳ ಬನವಾಸಿ ಹನ್ನೆರಡು ಸಾವಿರ ಕೂಡ ಒಂದು ನಾಡು; ಚಾಲುಕ್ಯರ ಕಾಲದಲ್ಲಿ ಅದರ ಆಡಳಿತ ನಡೀತಿದ್ದದ್ದು ಬಳ್ಳಿಗಾವೆಯಿಂದ.

ಹಾನಗಲ್ಲಿನ ಮತ್ತು ಗೋವೆಯ ಕದಂಬರದ್ದು ಇನ್ನೂ ಸೊಗಸು. ಅವರ ರಾಜಧಾನಿ ಬೇರೆ ಕಡೆ. ಆದರೂ 'ಬನವಾಸಿ ಪುರವರಾಧೀಶ್ವರ' ಅನ್ನೋ ಬಿರುದನ್ನು ಬಿಡಲಿಲ್ಲ. ದೇವರ ವಿಷಯ ಬಂದಾಗ ಮಾತ್ರ 'ಜಯಂತೀ ಮಧುಕೇಶ್ವರ'. ಹಳೆಯ ವೈಜಯಂತಿಯನ್ನು ನೆನಪಿಸುವ ಹೆಸರು ದೇವರಿಗೆ, ಬನವಾಸಿ ರಾಜನಿಗೆ. ಎರಡೂ ಒಂದೇ ಬಿರುದಾವಳಿಯಲ್ಲಿ.