ಕಲ್ಲಿನೊಳಗಣ ದಿಕ್ಸೂಚಿ

ಬೈರಾಪಟ್ಟಣ, ಚನ್ನಪಟ್ಟಣಗಳ ಕಡೆಯಿಂದ ರಾಮನಗರಕ್ಕೆ ಬರುವವರಿಗೆ ಆ ಊರಿನ ಕಲ್ಲುಬೆಟ್ಟಗಳು ಎಂದೂ ಕದಲದವುಗಳಂತೆ ತೋರುವುವು. ರಾಮನಗರದ ಹಿಂದಣ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನಿಂದಲೇ ಭೂಗರ್ಭಶಾಸ್ತ್ರದಲ್ಲಿ ಪ್ರಸಿದ್ಧವಾದ ಇಲ್ಲಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆದರೆ ಈ ಬೆಟ್ಟಗಳು ಹುಟ್ಟಿದಲ್ಲಿಯೇ ನಿಂತಿಲ್ಲ. ತಮ್ಮನ್ನು ಹೊತ್ತ ನೆಲದೊಡನೆ ಭೂಗೋಳದ ಮೇಲೆ ಬಹುದೂರ ಸಂಚರಿಸಿವೆ. ಇದನ್ನು ತಿಳಿಯುವ ಬಗೆ ಹೇಗೆಂದು ಶ್ರೋತೃಗಳು ಕೇಳಬಹುದು.

ಶಿಲಾರಸವು ಹೆಪ್ಪುಗಟ್ಟುವಾಗ ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಹರಳುಗಳು ಮೂಡುವುವು. ಅವು ಸುಮಾರು 580 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ತಣಿದಾಗ ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುವುವು. ಭೂಮಧ್ಯರೇಖೆಯ ಬಳಿ ಕಾಂತರೇಖೆ ನೆಲಕ್ಕೆ ಸಮಾನಾಂತರ. ಧ್ರುವದ ಬಳಿ ಲಂಬ. ಆದುದರಿಂದ ಕಲ್ಲಿನಲ್ಲಿ ಉಳಿದ ಓರೆಯನ್ನು ಅಳೆದರೆ ಆ ನೆಲವು ಅಂದಿದ್ದ ಅಕ್ಷಾಂಶ ತಿಳಿಯುವುದು. ರೇಖಾಂಶ ಮಾತ್ರ ತಿಳಿಯದು.

ದಖನ್ನಿನ ಲಾವಾಶಿಲೆಗಳು ಹೀಗೆ ಸಾಕ್ಷಿ ನುಡಿದಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅವು ಹರಿದಾಗ ಆ ನೆಲವು ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಭಾರತವು ಅಲ್ಲಿಂದ ಉತ್ತರಕ್ಕೆ ಸರಿದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡಕ್ಕೆ ಡಿಕ್ಕಿ ಹೊಡೆದುದರ ಫಲವೇ ಹಿಮಾಲಯ. ಎರಡು ಖಂಡಗಳ ಅಕ್ಷಾಂಶಗಳನ್ನು ಯುಗಯುಗಕ್ಕೆ ಗುರುತಿಸಿ, ಅವುಗಳ ನಡುವಣ ಅಂತರ ಎಂದು ಮುಚ್ಚಿತೆಂದು ಲೆಕ್ಕ ಹಾಕುವುದೇ ಇಲ್ಲಿನ ಕ್ರಮ.

ಈ ಲೆಕ್ಕದಲ್ಲಿ ಶಿಲೆಯ ವಯಸ್ಸು ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ. ಇದಕ್ಕೆ ನಿದರ್ಶನ ಕನಕಪುರದ ದಾರಿಯ ಹಾರೋಹಳ್ಳಿಯಲ್ಲಿದೆ. ಹಳೆಯ ಬಂಡೆಯ ಬಿರುಕಿನಲ್ಲಿ ಶಿಲಾರಸ ನುಗ್ಗಿ ಗೋಡೆಯಂತೆ ಗಟ್ಟಿಯಾದುದನ್ನು ಡೈಕ್ ಎನ್ನುವರು. ಹಾರೋಹಳ್ಳಿಯ ಡೈಕುಗಳಲ್ಲಿ ಕಾಂತರೇಖೆ ಲಂಬಕ್ಕೆ ಬಹು ಸಮೀಪವಾಗಿದೆ. ಅಂದು ಈ ಸೀಮೆ ಧ್ರುವದ ಕಡೆಗಿತ್ತೆಂದು ಅರ್ಥ. 1996ರಲ್ಲಿ ಈ ಅಳತೆ ಪ್ರಕಟವಾದಾಗ ಡೈಕುಗಳ ವಯಸ್ಸು ಸುಮಾರು 82 ಕೋಟಿ ವರ್ಷವೆಂದು ಎಣಿಸಿದ್ದರು. ಖಂಡಗಳು ಒಂದಕ್ಕೊಂದು ತಾಗಿ ಕೂಡಿದ್ದ ರೊಡಿನಿಯವೆಂಬ ಮಹಾಖಂಡದ ನಕ್ಷೆಯಲ್ಲಿ ಭಾರತದ ಸ್ಥಾನವನ್ನು ವಿಚಾರಿಸುವಾಗ ಈ ಅಳತೆಯನ್ನೂ ಆಧಾರವಾಗಿಟ್ಟುಕೊಂಡರು. 2008ರಲ್ಲಿ ಅದೇ ಡೈಕಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಸೀಸವಾಗಿ ಮಾರ್ಪಟ್ಟ ಪ್ರಮಾಣವನ್ನು ಅಳೆದಾಗ, ವಯಸ್ಸು ಸುಮಾರು 119 ಕೋಟಿ ವರ್ಷವೆಂದು ತಿಳಿದುಬಂದಿತು. 82 ಕೋಟಿ ವರ್ಷಗಳ ಹಿಂದಣ ನಕ್ಷೆಗೆ ಆ ಆಧಾರ ಇಲ್ಲದಾಯಿತು.

ಶಾಸನದ ಅಕ್ಷರ ಸ್ಪಷ್ಟವಾಗಿದ್ದರೂ ಶಕವರ್ಷವನ್ನು ತಪ್ಪಾಗಿ ಓದಿದರೆ ಅರಸರ ವಂಶಾವಳಿ ಕೆಡುವುದು. ಕಲ್ಲಿನ ಕಾಂತಲಿಪಿಯನ್ನು ಓದುವವರಿಗೂ ಇದೇ ಎಚ್ಚರಿಕೆ ಬೇಕೆಂಬುದನ್ನು ಹಾರೋಹಳ್ಳಿಯ ಕರಿಗಲ್ಲು ಕಲಿಸಿದೆ.